ಮೆಟ್ಟಿಲುಬೀದಿಯ ಬೀಗರು

ಬೊಲಿವಿಯಾದ ಲಾ ಪಾಜ್ ಎಷ್ಟು ಎತ್ತರದ ಊರೆಂದರೆ, ಅಲ್ಲಿ ಹದ್ದು ಕೂಡ ನಡುದಾರಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತದೆ. ಟೂರಿನವರೆಲ್ಲ ಕೇಬಲ್ ಕಾರು ಹತ್ತಿದರು. ಚನ್ನವೀರಪ್ಪ ಮಾತ್ರ ಹೊಸ ಬೀಗರ ಜೊತೆ ಮೆಟ್ಟಿಲುಬೀದಿ ಹತ್ತಿದರು. ಸೊಸೆಯ ತಂದೆಯ ಎದುರು ತಾವೇ ಮೊದಲು ಕೂತರೆ ಏಳು ತಲೆಮಾರಿನ ಮಾನ ಹೋಗುತ್ತಿತ್ತು.

"ದಣಿವಾತೇನ್ರಿ ಬೀಗರ? ಕುಂದ್ರೋಣೇನು?" ಚನ್ನವೀರಪ್ಪ ಕೇಳಿದರು.

"ನಮಗ್ಯಾಕ ದಣಿವು? ನೀವು ಬೇಕಾರ ಕುಂದರ್ರಿ."

"ನಮ್ಮ ಮನೆತನಕ್ಕ ದಣಿವು ಅನ್ನೋದ ಗೊತ್ತಿಲ್ರಿ."

ಇಷ್ಟು ಹೇಳಿ ಇಬ್ಬರೂ ಕಡಿದ ಮರದಂತೆ ಒಟ್ಟಿಗೇ ಉರುಳಿದರು. ಮೇಲಿನಿಂದ ಓಡಿಬಂದ ಟೂರಿನ ನರ್ಸಿನ ಕೈಯಲ್ಲಿ ಆಕ್ಸಿಜನ್ ಮಾಸ್ಕು ಒಂದೇ ಇತ್ತು. ಚನ್ನವೀರಪ್ಪನವರ ತುಟಿ ನೀಲಿಗಟ್ಟಿತ್ತು. ಆಕೆ ಅವರ ಮೂಗಿಗೇ ಹಿಡಿದಳು. ಅವರು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಬೀಗರಿಗೆ ಮೊದಲ ಹಾಕವ್ವಾ."