ಎತ್ತದ ಕೈ

ಲೀಗಿನ ಸಭೆಯಲ್ಲಿ ವಿರೋಧಿಸುವವರು ಕೈ ಎತ್ತಿ ಎಂದಾಗ ಆರ್ಚಿ ರಿಂಟೂಲನ ಕೈ ಮೇಲೇಳಲಿಲ್ಲ.

ಪಕ್ಕದಲ್ಲಿದ್ದ ವಾಟಿ, ಆರ್ಚಿಗೆ ಕೇಳಿಸಲಿಲ್ಲವೆಂದುಕೊಂಡು ಮೊಣಕೈಯಿಂದ ತಿವಿದ. ಆರ್ಚಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದ. ಕ್ಲಬ್ಬಿಗೆ ಒಂದೇ ಮತ, ಅವರ ಕ್ಲಬ್ಬಿನದು ಆರ್ಚಿಯ ಕೈಯಲ್ಲಿತ್ತು. ಪರ ಎಂಟು ಕ್ಲಬ್ಬು, ವಿರುದ್ಧ ಏಳು. ಸಮವಾಗಿದ್ದರೆ ಹಳೆಯ ನಿಯಮವೇ ಉಳಿಯುತ್ತಿತ್ತು. ಒಂದು ಕೈ ಸಾಕಿತ್ತು.

ವಾಪಸ್ ಬರುವಾಗ ವ್ಯಾನು ಊರಿನ ರಸ್ತೆಗೆ ಹೊರಳಿದ್ದೇ ವಾಟಿ ಕೇಳಿದ.

“ಏನು ಕೊಟ್ರೋ ನಿನಗೆ?”

“ಏನೂ ಇಲ್ಲ.”

“ಚಳಿಗಾಲ ಪೂರ್ತಿ ನಮ್ಮ ಕಿವಿ ತಿಂದೆ. ಇವತ್ತು ಕೈಗೆ ಏನಾಗಿತ್ತು, ವಾತ ಹೊಡೆದಿತ್ತಾ?”

“ಅದನ್ನ ಎತ್ತೋ ಹಕ್ಕು ನನಗಿರಲಿಲ್ಲ ವಾಟಿ.”

ಸ್ಕಾಟ್ಲೆಂಡಿನ ಸಣ್ಣ ಊರುಗಳ ಲೀಗು ಅದು. ಅಂಚೆಯವರು, ಪ್ಲಂಬರುಗಳು, ಮೇಷ್ಟ್ರುಗಳು ಶನಿವಾರ ಆಡುವ ಫುಟ್‌ಬಾಲು. ನಗರದ ದೊಡ್ಡ ಕ್ಲಬ್ಬುಗಳು ತಮ್ಮ ಎರಡನೇ ತಂಡಗಳನ್ನು ಅದರೊಳಗೆ ತರಲು ಹೊರಟಿದ್ದವು. ಆ ಹುಡುಗರಿಗೆ ಆಟವೇ ನೌಕರಿ. ಗೆದ್ದರೂ ಮೇಲಿನ ಲೀಗಿಗೆ ಏರುವಂತಿಲ್ಲ, ಸೋತರೂ ಕೆಳಗಿಳಿಯುವಂತಿಲ್ಲ.

“ಸೋತ್ರೆ ಏನೂ ಕಳ್ಕೊಳ್ಳದವನ ಜೊತೆ ಆಡೋದು ಆಟ ಅಲ್ಲ,” ಎಂದು ಕಿರ್ಕ್‌ಲಾ ಕ್ಲಬ್ಬಿನ ಕಾರ್ಯದರ್ಶಿ ಆರ್ಚಿ ಸಿಕ್ಕಸಿಕ್ಕಲ್ಲಿ ಹೇಳಿದ್ದ. ಅವನು ಹೇಳಿದರೆ ಜನ ಒಪ್ಪುತ್ತಿದ್ದರು. ನ್ಯಾಯದ ವಿಷಯದಲ್ಲಿ ಆರ್ಚಿ ತಕ್ಕಡಿಯಂಥ ಮನುಷ್ಯ. ವಾಟಿಯ ಅಣ್ಣ ಡೋಡ್ ಈ ಕ್ಲಬ್ಬಿಗೆ ಆಯುಷ್ಯವಿಡೀ ಗೋಲು ಕಾದವನು. ಅವನು ಸತ್ತಾಗ ಬೂದಿಯನ್ನು ಗೋಲಿನ ಮುಂದೆ ಹರಡಲು ವಾಟಿ ಕೇಳಿದ್ದ. ಆರ್ಚಿ ಒಪ್ಪಿಗೆ ಕೊಟ್ಟಿರಲಿಲ್ಲ. “ಒಬ್ಬನಿಗೆ ಕೊಟ್ರೆ ಎಲ್ಲರಿಗೂ ಕೊಡ್ಬೇಕಾಗುತ್ತೆ. ಮೈದಾನ ಆಡೋಕೆ ಇರೋದು.” ವಾಟಿ ಒಂದು ತಿಂಗಳು ಮಾತು ಬಿಟ್ಟ. ಆಮೇಲೆ ಒಪ್ಪಿಕೊಂಡ. ನಿಯಮ ಎಲ್ಲರಿಗೂ ಒಂದೇ ಆದಾಗ ಜಗಳಕ್ಕೆ ಜಾಗವಿರುವುದಿಲ್ಲ.

ನವೆಂಬರಿನಲ್ಲಿ ಹೆಂಡತಿ ಎಫಿ ತೀರಿಕೊಂಡ ಮೇಲೆ ಆರ್ಚಿ ಮರದ ಕೊರಡಿನಂತಾಗಿದ್ದ. ಮೈದಾನದ ಮೂಲೆಯ ಗೂಡಂಗಡಿಯಲ್ಲಿ ಚಹಾ, ಮಾಂಸ ತುಂಬಿದ ಪೈ ಮಾರುತ್ತಿದ್ದವಳು ಅವಳೇ. ಈಗ ಇನ್ಯಾರೋ ಮಾರುತ್ತಿದ್ದರು. ಆರ್ಚಿ ಎರಡು ಪೈ ಕೊಳ್ಳುತ್ತಿದ್ದ, ಒಂದು ತಿನ್ನುತ್ತಿದ್ದ. ಮಳೆ ಬಂದರೂ ಕೆಳಗಿನ ಗೋಲಿನ ಹಿಂದೆ ಒಬ್ಬನೇ ನಿಲ್ಲುತ್ತಿದ್ದ. ಲೀಗಿನ ಜಗಳವೊಂದೇ ಅವನಿಂದ ಮಾತು ಹೊರಡಿಸುತ್ತಿತ್ತು.

ಮಾರ್ಚಿನಲ್ಲಿ ಆ ಮಾತೂ ನಿಂತಿತು. ದೊಡ್ಡ ಕ್ಲಬ್ಬುಗಳು ಹೊಸ ಆಸೆ ತೋರಿಸಿದ್ದವು: ತಮ್ಮನ್ನು ಸೇರಿಸಿಕೊಂಡರೆ ಲೀಗಿನ ಪ್ರತಿ ಮೈದಾನದ ಮಣ್ಣು ಅಗೆದು ತೆಗೆದು ಪ್ಲಾಸ್ಟಿಕ್ ಹುಲ್ಲು ಹಾಸಿಕೊಡುತ್ತೇವೆ.

ಅದೇ ಹೊತ್ತಿಗೆ ಕಿರ್ಕ್‌ಲಾ ಮೈದಾನದಲ್ಲಿ, ಕೆಳಗಿನ ಗೋಲಿನ ಪೆನಾಲ್ಟಿ ಗುರುತಿನ ಸುತ್ತ ಹುಲ್ಲು ಸತ್ತಿತು. ಮೈದಾನ ನೋಡಿಕೊಳ್ಳುವವನು ವಾಟಿ. ಬೀಜ ಹಾಕಿದ, ಮೊಳೆಯಲಿಲ್ಲ. ಮತ್ತೆ ಹಾಕಿದ. ಕೊನೆಗೆ ಒಂದು ಹಿಡಿ ಮಣ್ಣನ್ನು ಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರಿಗೆ ಕೊಟ್ಟ. ಉಪ್ಪು ವಿಪರೀತ, ಸುಣ್ಣವೂ ವಿಪರೀತ ಎಂದು ಉತ್ತರ ಬಂತು.

“ಪ್ಲಾಸ್ಟಿಕ್ಕಿನವರ ಕೆಲಸ,” ವಾಟಿ ಆರ್ಚಿಯ ಮುಂದೆ ಕೂಗಾಡಿದ. “ಹುಲ್ಲು ಸಾಯಿಸಿ, ನೋಡಿ ನಿಮ್ಮ ಮೈದಾನ ಕೆಟ್ಟಿದೆ ಅಂತಾರೆ. ಯಾರೋ ಬೇಕಂತ್ಲೇ ಹಾಕಿದ್ದಾರೆ!”

“ಹೌದು,” ಎಂದ ಆರ್ಚಿ. “ಬೇಕಂತ್ಲೇ ಹಾಕಿದ್ದಾರೆ.”

ಮೇ ತಿಂಗಳಲ್ಲಿ ಮತದಾನವಾಯಿತು. ಮರುದಿನದಿಂದ ಊರು ಆರ್ಚಿಯನ್ನು ಬಿಟ್ಟಿತು. ಪಬ್ಬಿನಲ್ಲಿ ಅವನು ಕೂತರೆ ಪಕ್ಕದವರು ಲೋಟ ಎತ್ತಿಕೊಂಡು ಏಳುತ್ತಿದ್ದರು.

“ಏನ್ ಆರ್ಚಿ, ಮನೆ ಮುಂದೂ ಪ್ಲಾಸ್ಟಿಕ್ ಹಾಸಿಕೊಡ್ತಾರಂತಾ?” ಎಂದು ಕೌಂಟರಿನ ಹಿಂದಿನ ಹೆಂಗಸು ಕೇಳಿದಳು.

“ಅದರಲ್ಲಿ ನನ್ನ ಸ್ವಂತದ್ದು ಬೆರೆತಿತ್ತು,” ಎಂದ ಆರ್ಚಿ. “ಹಾಗಿದ್ದಾಗ ಕೈ ಎತ್ತಬಾರದು.”

ಲಂಚ ತಿಂದದ್ದನ್ನು ಕೊನೆಗೂ ಒಪ್ಪಿಕೊಂಡ ಎಂದು ಎಲ್ಲರೂ ಅಂದುಕೊಂಡರು. ಅವನು ಅರ್ಧ ಲೋಟ ಬಿಟ್ಟು ಎದ್ದು ಹೋದ.

ಜೂನಿನಲ್ಲಿ ಅಗೆಯುವ ಯಂತ್ರ ಬರುವ ದಿನ, ಗೋಲಿನ ಕಂಬ ಕೀಳಲು ವಾಟಿ ಬೆಳಗ್ಗೆಯೇ ಬಂದ. ಪೆನಾಲ್ಟಿ ಗುರುತಿನ ಬೋಳು ಜಾಗದಲ್ಲಿ ಆರ್ಚಿ ಮಂಡಿಯೂರಿದ್ದ. ಕೈಯಲ್ಲಿ ಗಿಡ ನೆಡುವ ಸಣ್ಣ ಕರಣೆ. ಪಕ್ಕದಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ.

“ಸಿಕ್ಕಿಬಿದ್ದೆಯಲ್ಲೋ ಕಳ್ಳ!” ವಾಟಿ ಸನಿಕೆ ಹಿಡಿದೇ ಓಡಿದ. “ನೀನಾ ಹಾಕಿದ್ದು? ಈಗ ಗುರುತು ಅಳಿಸೋಕೆ ಬಂದಿದ್ದೀಯಾ?”

“ಹಾಕಿದ್ದು ನಾನೇ.”

“ವಿಷ ಹಾಕೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?”

“ವಿಷ ಅಲ್ಲ ವಾಟಿ. ಹುಲ್ಲು ಸಾಯುತ್ತೆ ಅಂತ ಗೊತ್ತಿತ್ತು. ನಿಯಮ ಇತ್ತು ಅಂತಲೂ ಗೊತ್ತಿತ್ತು. ನಾನೇ ಬರೆದದ್ದಲ್ವಾ.”

ವಾಟಿ ಡಬ್ಬಿಯೊಳಗೆ ನೋಡಿದ. ಮಣ್ಣು. ಮಣ್ಣಿನಲ್ಲಿ ಬೂದುಬಣ್ಣದ ಸಣ್ಣ ಹರಳು. ಉಪ್ಪು, ಸುಣ್ಣ.

“ಅವತ್ತು ಕೈ ಎತ್ತಿದ್ರೆ ಇಲ್ಲಿ ಅಗೆಯೋರೇ ಬರ್ತಿರಲಿಲ್ಲವಲ್ಲೋ,” ಎಂದ. ದನಿ ಇಳಿದಿತ್ತು.

“ಅದಕ್ಕೇ ಎತ್ತಲಿಲ್ಲ. ಎತ್ತಿದ್ರೆ ಲೀಗಿಗೋಸ್ಕರ ಎತ್ತಿದ್ದೋ, ನನಗೋಸ್ಕರ ಎತ್ತಿದ್ದೋ, ನನಗೇ ಗೊತ್ತಾಗ್ತಿರಲಿಲ್ಲ.”

ರಸ್ತೆಯ ಕಡೆಯಿಂದ ಯಂತ್ರದ ಸದ್ದು ಕೇಳತೊಡಗಿತು. ವಾಟಿಯ ಮನೆಯ ಕಪಾಟಿನ ಮೇಲೆ ಡೋಡ್ ಇನ್ನೂ ಮುಚ್ಚಳ ತೆರೆಯದ ಭರಣಿಯಲ್ಲಿದ್ದ. ನಿಯಮ ಎಲ್ಲರಿಗೂ ಒಂದೇ. ವಾಟಿ ಸನಿಕೆಯನ್ನು ದೂರಕ್ಕೆಸೆದು, ಟೋಪಿ ತೆಗೆದು, ಎದುರಿಗೆ ಮಂಡಿಯೂರಿದ.

“ನಿಧಾನ ಮಾರಾಯ,” ಎಂದ ವಾಟಿ, ಬರಿಗೈಯಲ್ಲಿ ಮಣ್ಣು ಸರಿಸುತ್ತ. “ಎಡಗಡೆ ಎಫಿ ಇನ್ನೂ ಸ್ವಲ್ಪ ಉಳಿದಿದ್ದಾಳೆ.”