ಮೊಟ್ಟೆ ಹಾಕದ ಕೇಕು

ವಿಯೆನ್ನಾಕ್ಕೆ ಬಂದ ಮೇಲೆ ಪದ್ಮಜಾಳ ಹೊಟ್ಟೆ ಉರಿಸಿದವಳೆಂದರೆ ನದಿಯಾಚೆಯ ಬೇಕರಿಯವಳು. ಅವಳನ್ನು ಇವಳು ಕಂಡವಳೇ ಅಲ್ಲ. ಗಂಡ ರಘುನಂದನ ಶನಿವಾರ ಬೆಳಿಗ್ಗೆ ವಾಕಿಂಗಿಗೆಂದು ಹೊರಟರೆ ಮನೆ ಸೇರುವುದು ಮಧ್ಯಾಹ್ನ. ಕೈಯಲ್ಲಿ ಆ ಬೇಕರಿಯ ಪೊಟ್ಟಣ, ಬಾಯಲ್ಲಿ ಅವಳ ಕೈಗುಣದ ಹೊಗಳಿಕೆ, ಮುಖದಲ್ಲಿ ಮನೆಯಲ್ಲೆಂದೂ ಕಾಣದ ಕಳೆ.

“ಒಂದು ಕೇಕ್ ತರೋಕೆ ಇಷ್ಟು ಹೊತ್ತು ಬೇಕೇನ್ರೀ?”

“ನಿಂಗೋಸ್ಕರ ಮೊಟ್ಟೆ ಹಾಕದೇ ಇರೋದು ಮಾಡಿಸ್ಕೊಂಡು ಬರ್ತೀನಿ ಕಣೇ. ಅದಕ್ಕೂ ಅನುಮಾನಾನಾ?”

“ಹಾಗಾದ್ರೆ ಮುಂದಿನ ವಾರ ನಾನೂ ಬರ್ತೀನಿ.”

“ಭಾಷೆ ಬರಲ್ಲ ನಿಂಗೆ. ಅಲ್ಲಿ ಬಂದು ಏನ್ ಮಾಡ್ತೀಯ?”

ಅವತ್ತೇ ಅವಳು ಅವನಿಗೆ ತಿಳಿಯದಂತೆ, ಹಟ ಹಿಡಿದು ಜರ್ಮನ್ ಕಲಿಯಲು ಕೂತಳು. ಭಾಷೆ ನಾಲಿಗೆಗೆ ಹತ್ತಿದ ಮೇಲೆ ಒಂದು ಮಂಗಳವಾರ, ಒಳ್ಳೆಯ ಸೀರೆಯುಟ್ಟು, ಕುಂಕುಮ ಎದ್ದು ಕಾಣುವಂತೆ ಇಟ್ಟುಕೊಂಡು, ಜಗಳಕ್ಕೇ ಸಿದ್ಧಳಾಗಿ ಬೇಕರಿಯ ಬಾಗಿಲು ತಳ್ಳಿದಳು.

ಗಲ್ಲಾದ ಹಿಂದೆ ಇದ್ದದ್ದು ತಲೆಯೆಲ್ಲ ಬೆಳ್ಳಗಾದ ಒಬ್ಬ ಅಜ್ಜಿ. ಅಂಗಡಿಯಲ್ಲಿ ಬೇರೆ ಹೆಂಗಸಿಲ್ಲ. ಪದ್ಮಜಾಳ ಸಿಟ್ಟು ಜರ್ರನೆ ಇಳಿದು ನಾಚಿಕೆಯಾಯಿತು. ಮೆಲ್ಲಗೆ ಮೊಟ್ಟೆ ಹಾಕದ ಕೇಕು ಕೇಳಿದಳು.

ಅಜ್ಜಿಯ ಮುಖ ಅರಳಿತು. “ರಘುನಂದನ್ ಮನೆಯಿಂದ ಬಂದಿರಾ? ಪ್ರತಿ ವಾರ ಇದನ್ನು ನಿಮಗೋಸ್ಕರವೇ ಮಾಡಿಸುತ್ತಾರೆ.”

“ಹೌದು, ನನಗೇ,” ಎಂದಳು ಪದ್ಮಜಾ. ಗಂಡನ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಉಕ್ಕಿತು.

“ತಂಗಿಯೆಂದರೆ ಅವರಿಗೆ ಪ್ರಾಣ,” ಎಂದಳು ಅಜ್ಜಿ ಪೊಟ್ಟಣ ಕಟ್ಟುತ್ತ. “ಅವರ ಹೆಂಡತಿ ಮಾತ್ರ ಅವರ ಜೊತೆ ಇಲ್ಲೇ ಕೂತು, ಮೊಟ್ಟೆ ಹಾಕಿದ್ದನ್ನೇ ತಿನ್ನುತ್ತಾರೆ.”