ಎಡಗಡೆಯ ಸ್ಪೀಕರ್

“ಬಿದ್ದದ್ದು ಬಿತ್ತು. ಬೀಳದೆ ಉಳಿದಿರೋದನ್ನೂ ಇಳಿಸಿಬಿಡಿ,” ಎಂದ ಮನೆಯ ಯಜಮಾನ, ಬಾಗಿಲು ತೆರೆದವನೇ.

ಮೇಸ್ತ್ರಿ ಏಣಿಯನ್ನು ಒಳಗೆ ತಂದ. ಹಾಲ್‌ನ ಗೋಡೆಗೆ, ಟಿ.ವಿ.ಯ ಆಚೆ ಈಚೆ ಎರಡು ಸ್ಪೀಕರ್ ಕೂರಿಸಿದ್ದವನು ಅವನೇ. ಇನ್ನೂ ಐದು ತಿಂಗಳಾಗಿರಲಿಲ್ಲ. ಬಲಗಡೆಯದು ಇದ್ದಲ್ಲೇ ಇತ್ತು. ಎಡಗಡೆ ಒಂದು ಕುಳಿ, ಸುತ್ತ ಕಿತ್ತುಹೋದ ಗಾರೆ. ಎಂಟು ಕಿಲೋ ತೂಕದ ಪೆಟ್ಟಿಗೆ ಅದು. ಬಿದ್ದಾಗ ನಾಲ್ಕು ವರ್ಷದ ಮಗಳು ಅದರ ಕೆಳಗೇ ಕೂತು ಚಿತ್ರ ಬರೆಯುತ್ತಿದ್ದಳಂತೆ. ಈಗ ಸೋಫಾದ ಮೂಲೆಯಲ್ಲಿ ದಿಂಬಿಗೆ ಒರಗಿದ್ದಳು. ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರುತ್ತಿತ್ತು. ಬಲಗೈ ತನ್ನದಲ್ಲವೇನೋ ಎಂಬಂತೆ ಮಡಿಲಲ್ಲಿ ಬಿದ್ದಿತ್ತು.

“ಹೇಗೆ ಬಿತ್ತು ಸಾರ್?” ಕೇಳಬಾರದಿತ್ತು, ಬಾಯಿ ಕೇಳಿಬಿಟ್ಟಿತು.

“ಅವಳನ್ನೇ ಕೇಳಿ. ಧೂಳು ಒರೆಸೋಕೆ ಹೋಗಿ ಜಗ್ಗಿದಾಳೆ. ಹೆತ್ತ ಮಗುವಿನ ಬಾಳು ಹಾಳು ಮಾಡಿ ಕೂತಿದಾಳೆ.”

ಹೆಂಡತಿ ಅಲ್ಲೇ ಮಗುವಿಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು. “ಬೆಳಿಗ್ಗೆ ಒರೆಸಿದ್ದು ನಿಜ,” ಎಂದಳು, ಪಾಠ ಒಪ್ಪಿಸುವ ಹಾಗೆ. “ಜಗ್ಗಿದ ನೆನಪಿಲ್ಲ. ಜಗ್ಗಿರಬೇಕು. ಇಲ್ಲದಿದ್ರೆ ಯಾಕೆ ಬೀಳತ್ತೆ?”

ಮೇಸ್ತ್ರಿ ಏಣಿಯನ್ನು ಬಲಗಡೆ ಇಡದೆ ಎಡಗಡೆ ಇಟ್ಟು ಹತ್ತಿದ. ಕುಳಿಯೊಳಗೆ ಬೆರಳು ಹಾಕುವ ಮೊದಲೇ ಅವನಿಗೆ ಎಲ್ಲ ಗೊತ್ತಿತ್ತು. ಅಂದು ಡ್ರಿಲ್ಲಿಗೆ ಇಟ್ಟಿಗೆ ಸಿಗದೆ, ಎರಡು ಇಟ್ಟಿಗೆಗಳ ನಡುವಿನ ಪುಡಿ ಗಾರೆಗೆ ನುಗ್ಗಿ, ತೂತು ಅಗಲವಾಗಿತ್ತು. ಪ್ಲಾಸ್ಟಿಕ್ ಪ್ಲಗ್ ಒಳಗೆ ಗಿರಗಿರನೆ ತಿರುಗಿತ್ತು. “ಸಾರ್, ಇಲ್ಲಿ ಹಿಡಿಯಲ್ಲ. ಒಂದು ಗೇಣು ಪಕ್ಕಕ್ಕೆ ಹೋಗ್ಬೇಕು,” ಎಂದಿದ್ದ. “ಎರಡೂ ಕಡೆ ಸಮ ಇರ್ಬೇಕು ಮೇಸ್ತ್ರಿ. ಮ್ಯಾಚ್ ನೋಡೋಕೆ ಸ್ನೇಹಿತರು ಬರ್ತಿದಾರೆ, ಬೇಗ ಮುಗಿಸಿ,” ಎಂದಿದ್ದ ಯಜಮಾನ. ಮೇಸ್ತ್ರಿಗೂ ಇನ್ನೊಂದು ಮನೆಗೆ ಹೋಗುವುದಿತ್ತು. ತೂತಿಗೆ ರಟ್ಟಿನ ಚೂರು ತುರುಕಿ, ಸ್ಕ್ರೂ ಬಿಗಿದು, ಒಮ್ಮೆ ಅಲುಗಾಡಿಸಿ ನೋಡಿ, ಪರವಾಗಿಲ್ಲ ಅಂದುಕೊಂಡಿದ್ದ.

ರಟ್ಟು ಇನ್ನೂ ಒಳಗೇ ಇತ್ತು. ಎಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡ. ಯಾರೂ ನೋಡಿರಲಿಲ್ಲ. ಜೇಬಿಗೆ ಹಾಕಿಕೊಂಡರೆ ಅಲ್ಲಿಗೆ ಮುಗಿಯುತ್ತಿತ್ತು.

ಕೆಳಗೆ ಯಜಮಾನ ಹೇಳುತ್ತಲೇ ಇದ್ದ: “ನಾಳೆ ಇವಳನ್ನ ತವರಿಗೆ ಬಿಟ್ಟು ಬರ್ತೀನಿ. ಮಗು ನನ್ನ ಹತ್ರಾನೇ ಇರತ್ತೆ. ನೋಡ್ಕೊಳ್ಳೋಕೆ ಅಕ್ಕ ಬರ್ತಾಳೆ.”

ಚಮಚ ಲೋಟಕ್ಕೆ ತಗುಲಿ ಸಣ್ಣಗೆ ಸದ್ದಾಯಿತು. ಮೇಸ್ತ್ರಿ ಇಳಿದು ಬಂದ. ಅವಳೆದುರು ಮುಷ್ಟಿ ಬಿಚ್ಚಿದ.

“ಅಮ್ಮಾ, ನೀವು ಒರೆಸದಿದ್ರೂ ಇದು ಬೀಳ್ತಿತ್ತು. ತೂತು ಸಡಿಲ ಇತ್ತು. ನಾನು ರಟ್ಟು ತುರುಕಿ ಮೋಸ ಮಾಡ್ದೆ. ತಪ್ಪು ನಂದು.”

ಯಜಮಾನ ಅಂದು ಅವಸರಪಡಿಸಿದ ಮಾತು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

ಯಜಮಾನ ಅವನ ಕೊರಳಪಟ್ಟಿ ಹಿಡಿದೆಳೆದ. ಮೇಸ್ತ್ರಿ ಏಟಿಗೆ ಕಾದು ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಕಣ್ಣು ತೆರೆದರೆ ಯಜಮಾನ ನೆಲ ನೋಡುತ್ತಿದ್ದ. ಆ ದಿನದ ಮಾತು ಅವನಿಗೂ ನೆನಪಾಗಿತ್ತು. ಕೈ ತಾನಾಗಿ ಸಡಿಲಿತು.

“ಹೋಗಿ,” ಎಂದ. “ಮೊದಲು ಹೋಗಿ ಇಲ್ಲಿಂದ.”

ಮೇಸ್ತ್ರಿ ತಿರುಗಿದಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

“ಇನ್ನೊಂದ್ಸಲ ಹೇಳಿ.”

ಮೇಸ್ತ್ರಿ ಹೇಳಿದ.

“ಇನ್ನೊಂದ್ಸಲ.”

ಹೇಳಿದ.

“ಸಾಕು ಬಿಡೇ,” ಎಂದ ಗಂಡ, ಮೆಲ್ಲಗೆ.

ಅವಳು ಅವನತ್ತ ತಿರುಗಲಿಲ್ಲ. “ಎರಡು ತಿಂಗಳು ದಿನಾ ‘ನಿಂದೇ ತಪ್ಪು’ ಅಂತ ಕೇಳಿಸ್ಕೊಂಡಿದೀನಿ ನಾನು. ಇದನ್ನೂ ಅಷ್ಟು ಸಲ ಕೇಳ್ಬೇಕು,” ಎಂದಳು. “ನೀವು ಹೇಳಿ ಮೇಸ್ತ್ರಿ.”